ಕಪ್ಪೆ ಆಟ

"ಒಬ್ಬರೂ ಯಾಕೆ ಅಳಲಿಲ್ಲ?"

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಪುಟ್ಟ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಡುತ್ತ ಶಿಕ್ಷಕಿ ಥಿಯಾ ಗಟ್ಟಿಯಾಗಿಯೇ ಕೇಳಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಹೀಟರ್ ಮಾತ್ರ ಗೊಣಗುತ್ತಿತ್ತು.

ಅಂದು ಬೆಳಿಗ್ಗೆ ಶಾಲೆಯಲ್ಲಿ ಅಡಗುವ ಅಭ್ಯಾಸ ನಡೆದಿತ್ತು. ಬಂದೂಕು ಹಿಡಿದವನೊಬ್ಬ ನುಗ್ಗಿದರೆ ಏನು ಮಾಡಬೇಕೆಂಬುದರ ಅಭ್ಯಾಸ. ಡುಲೂತ್ ಪಟ್ಟಣದ ಚರ್ಚೊಂದರ ನೆಲಮಾಳಿಗೆಯಲ್ಲಿದ್ದ ಶಿಶುವಿಹಾರದಲ್ಲಿ ದೀಪ ಆರಿಸಿ, ಬೀಗ ಹಾಕಿ, ಥಿಯಾ ತನ್ನ ಕೋಣೆಯ ನಾಲ್ಕು ವರ್ಷದ ಮಕ್ಕಳನ್ನೆಲ್ಲ ಶೌಚದ ಕೋಣೆಯ ಕತ್ತಲಲ್ಲಿ ಒತ್ತೊತ್ತಾಗಿ ಕೂರಿಸಬೇಕಿತ್ತು. ಸದ್ದು ಬಾರದಿರಲೆಂದು ಥಿಯಾಳಿಗೆ ಆ ಗಳಿಗೆಯಲ್ಲಿ ತೋಚಿದ್ದು ಒಂದೇ ಉಪಾಯ. "ಬನ್ನಿ, ಕಪ್ಪೆ ಆಟ ಆಡೋಣ," ಎಂದು ಪಿಸುಗುಟ್ಟಿದಳು. ಮಕ್ಕಳು ಬಟ್ಟೆಯ ಕಪ್ಪೆಗಳನ್ನು ಹೊಟ್ಟೆಗವಚಿಕೊಂಡು ಉಸಿರೆಳೆದರು, ಮೆಲ್ಲಗೆ ಬಿಟ್ಟರು. ಹೊರಗಿನಿಂದ ಯಾರೋ ಬಾಗಿಲ ಹಿಡಿ ಹಿಡಿದು ಜಗ್ಗಿದಾಗಲೂ ಒಂದು ಮಗುವೂ ಮಿಸುಕಲಿಲ್ಲ.

ಜಗ್ಗಿದವರು ಶಾಲೆಯ ಮುಖ್ಯಸ್ಥೆ ಗ್ರೆಚೆನ್. ಬೀಗ ಭದ್ರವಾಗಿದೆಯೇ ಎಂದು ನೋಡುವುದು ಅವರ ಕೆಲಸ. "ಒಳಗೆ ಯಾರೂ ಇಲ್ವೇನೋ ಅನ್ಕೊಂಡೆ ಕಣೇ," ಎಂದು ಆಮೇಲೆ ಮೆಚ್ಚಿಕೊಂಡಿದ್ದರು. "ಭಾನುವಾರ ಮೇಲ್ಗಡೆ ಪ್ರಾರ್ಥನೇಲೂ ಇಷ್ಟು ಸುಮ್ನಿರಲ್ಲ ಜನ."

ಕಪ್ಪೆ ಆಟ ಅಡಗುವುದಕ್ಕೆಂದು ಹುಟ್ಟಿದ್ದಲ್ಲ. ಥಿಯಾಳ ಅಜ್ಜಿ ಸಂಜೆ ಹೊತ್ತು ಕೀರ್ತನೆಗಳನ್ನು ಬಾಯಿಪಾಠ ಹೇಳುವಾಗ ಸಾಲಿನ ನಡುವೆ ಒಂದು ಉಸಿರಿನಷ್ಟು ನಿಲ್ಲುತ್ತಿದ್ದಳು. ಆ ಬಿಡುವಿನಲ್ಲಿ ದೇವರು ಬಂದು ಪಕ್ಕದಲ್ಲಿ ಕೂತಂತೆ ಮಗುವಾಗಿದ್ದ ಥಿಯಾಳಿಗೆ ಅನ್ನಿಸುತ್ತಿತ್ತು. ಶಿಕ್ಷಕಿಯರ ತರಬೇತಿಯಲ್ಲಿ ಉಸಿರನ್ನು ಗಮನಿಸುವುದಕ್ಕೆ ಮೈಂಡ್‌ಫುಲ್‌ನೆಸ್ ಎಂದು ದೊಡ್ಡ ಹೆಸರಿಟ್ಟು ಕಲಿಸಿದಾಗ ಅವಳಿಗೆ ನೆನಪಾದದ್ದು ಅದೇ. ಮಕ್ಕಳಿಗೆ ಅವಳು ಹೇಳಿದ್ದು ಇಷ್ಟು: ಮಲಗಿ, ಹೊಟ್ಟೆ ಮೇಲೆ ಕಪ್ಪೆ ಇಟ್ಟುಕೊಳ್ಳಿ, ಉಸಿರೆಳೆದು ಬಿಟ್ಟು ಅದನ್ನು ಜೋಕಾಲಿ ಆಡಿಸಿ.

ಅದು ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಪುಟ್ಟ ಹುಡುಗ ಓರಿನ್‌ಗೆ. ಸಿಟ್ಟು ಬಂದರೆ ಕಚ್ಚುತ್ತಿದ್ದ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಊರಿನ ಬೇರೆ ಶಿಶುವಿಹಾರಗಳು ಅವನನ್ನು ಕಳಿಸಿಬಿಟ್ಟಿದ್ದವು. ಇಲ್ಲೂ ಇನ್ನೊಂದು ಮಗುವಿಗೆ ಪೆಟ್ಟಾದರೆ ಮುಗಿಯಿತೆಂದು ಗ್ರೆಚೆನ್ ಅವನ ತಾಯಿಗೆ ಹೇಳಿಯಾಗಿತ್ತು. ಹಿಮ ಬೀಳುವ ಹೊತ್ತಿಗೆ ಹುಡುಗ ಕಲಿತಿದ್ದ. ಮುಖ ಕೆಂಪೇರಿದೊಡನೆ ತಾನಾಗಿಯೇ ಮೂಲೆಯ ಚಾಪೆಗೆ ಓಡಿ, ಕಪ್ಪೆಯನ್ನು ಹೊಟ್ಟೆಗೇರಿಸಿ, ಚಾವಣಿ ನೋಡುತ್ತ ಮಲಗುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಬಂದು, "ಕಪ್ಪೆಗೆ ನಿದ್ದೆ ಬಂತು ಮಿಸ್," ಎನ್ನುತ್ತಿದ್ದ.

ಅಭ್ಯಾಸದ ಮರುದಿನ ಅವನು ಕಟ್ಟಿದ್ದ ಮರದ ತುಂಡುಗಳ ಗೋಪುರ ಯಾರದೋ ಕಾಲು ತಗುಲಿ ಬಿತ್ತು. ಓರಿನ್ ಮುಷ್ಟಿ ಬಿಗಿದ. ಥಿಯಾ ಕಪ್ಪೆಯನ್ನು ತೋರಿಸಿದಳು. ಅವನು ಅದನ್ನೆತ್ತಿಕೊಂಡು ಚಾಪೆಗೆ ಹೋಗಲಿಲ್ಲ. ಶೌಚದ ಕೋಣೆಗೆ ಹೋಗಿ ದೀಪ ಆರಿಸಿ ಬಾಗಿಲು ಹಾಕಿಕೊಂಡ.

ಸಹಾಯಕಿ ಮಾರ್ಲಿಸ್ ಬಾಗಿಲು ತೆರೆದಳು. "ಏನಯ್ಯಾ ದೊರೆ, ಕತ್ತಲಲ್ಲಿ ಕೂತು ಯಾವ ರಾಜ್ಯ ಆಳ್ತಿದೀಯ?"

"ಷ್. ಬಾಗಿಲು ಹಾಕಿ. ಅವನು ಬರ್ತಾನೆ."

"ಯಾರು ಬರ್ತಾನೆ ಕಂದ?" ಥಿಯಾ ಮೊಣಕಾಲೂರಿ ಕೇಳಿದಳು.

"ಬಾಗಿಲು ಜಗ್ಗೋನು."

"ಅದು ಗ್ರೆಚೆನ್ ಮಿಸ್ ಕಣೋ ಪುಟ್ಟ. ಯಾವನೂ ಇಲ್ಲ."

ಓರಿನ್ ನಂಬಲಿಲ್ಲ. "ಕಪ್ಪೆ ಆಟ ಆಡಿದ್ರೆ ಅವನು ಬರ್ತಾನೆ," ಎಂದ.

ಅಂದಿನಿಂದ ಅವನು ಕಪ್ಪೆಯನ್ನು ಮುಟ್ಟಲಿಲ್ಲ. ಥಿಯಾ ಆಟಕ್ಕೆ ಕರೆದರೆ ಉಳಿದ ಮಕ್ಕಳೂ ಮೊದಲು ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು. ಮಂಗಳವಾರ ಓರಿನ್ ಎಸೆದ ಮರದ ತುಂಡು ಜೂನಿ ಎಂಬ ಹುಡುಗಿಯ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು.

"ಒಂದು ಬೆರಳಷ್ಟು ಈ ಕಡೆ ಬಂದಿದ್ರೆ ಇವತ್ತೇ ಅವನ ಚೀಲ ಕಟ್ಬೇಕಿತ್ತು," ಎಂದಳು ಮಾರ್ಲಿಸ್, ಸೇಬಿನ ಗೊಜ್ಜು ಬಡಿಸುತ್ತ.

"ನಾನೇ ಹಾಳು ಮಾಡಿದೆ, ಮಾರ್ಲಿಸ್. ಅವನ ಒಂದೇ ಒಂದು ನೆಮ್ಮದಿ ಅದು. ತಗೊಂಡು ಹೋಗಿ ಭಯದ ಜೊತೆ ಕಟ್ಟಿಬಿಟ್ಟೆ."

"ಕಟ್ಟಿದ್ದನ್ನ ಬಿಚ್ಚು ಮಾರಾಯ್ತಿ. ನನ್ನ ಮುಂದೆ ಅತ್ರೆ ನಾನೇನು ಪಾದ್ರಿನಾ?"

ಥಿಯಾ ಬಿಚ್ಚಲು ಹೊರಟಳು. ಆಟವನ್ನು ಕಿಟಕಿಯ ಬೆಳಕಿಗೆ ತಂದಳು. ಬಾಗಿಲನ್ನು ಪೂರ್ತಿ ತೆರೆದಿಟ್ಟಳು. ತಾನೇ ನೆಲದ ಮೇಲೆ ಮಲಗಿ ಹೊಟ್ಟೆಯ ಮೇಲೆ ಕಪ್ಪೆ ಇಟ್ಟುಕೊಂಡಳು. ಓರಿನ್ ದೂರ ನಿಂತು ನೋಡುತ್ತಿದ್ದ. ಒಂದು ಕಣ್ಣು ಕಪ್ಪೆಯ ಮೇಲೆ, ಇನ್ನೊಂದು ಬಾಗಿಲ ಮೇಲೆ. ಗುರುವಾರ ಹತ್ತಿರ ಬಂದು ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟ. ಅದು ಏರಿತು, ಇಳಿಯಿತು. ಅವನು ಕೈ ತೆಗೆಯಲಿಲ್ಲ.

ಶುಕ್ರವಾರ ಮಕ್ಕಳು ಹಿಮದಲ್ಲಿ ಆಡಲು ಹೋದಾಗ ಗ್ರೆಚೆನ್ ಬಂದರು. ಪುಟ್ಟ ಕುರ್ಚಿಯೊಂದರಲ್ಲಿ ಕಷ್ಟಪಟ್ಟು ಕೂತರು.

"ಬುಧವಾರ ಮತ್ತೆ ಅಭ್ಯಾಸ ಇದೆ. ಪೊಲೀಸಿನೋರು ನೋಡೋಕೆ ಬರ್ತಾರೆ. ಹೋದ ಸಲ ಪಕ್ಕದ ಕೋಣೆ ಮಕ್ಕಳ ಅಳು ಮೆಟ್ಟಿಲ ತನಕ ಕೇಳಿಸ್ತು. ಸೋಮವಾರ ಎಲ್ಲ ಮಕ್ಕಳನ್ನೂ ಹಾಲ್‌ನಲ್ಲಿ ಸೇರಿಸ್ತೀನಿ, ನೀನು ಕಪ್ಪೆ ಆಟ ಹೇಳ್ಕೊಡು. ಬುಧವಾರ ಎಲ್ರೂ ಅದನ್ನೇ ಮಾಡ್ಲಿ."

"ಓರಿನ್ ಅದಕ್ಕೆ ಹೆದರ್ತಿದಾನೆ. ನಿನ್ನೆ ತಾನೇ ಸ್ವಲ್ಪ ಹತ್ರ ಬಂದ. ಮತ್ತೆ ಕತ್ತಲಲ್ಲಿ ಅದೇ ಆಟ ಅಂದ್ರೆ ಇನ್ಯಾವತ್ತೂ ಬರಲ್ಲ. ಆಮೇಲೆ ಯಾರಿಗಾದ್ರೂ ಪೆಟ್ಟಾಗುತ್ತೆ, ನೀವು ಅವನನ್ನ ಕಳಿಸ್ತೀರಿ."

"ಒಬ್ಬ ಓರಿನ್‌ಗೋಸ್ಕರನಾ?" ಗ್ರೆಚೆನ್ ದನಿ ಏರಿಸಲಿಲ್ಲ. "ಅವತ್ತು ಪಕ್ಕದ ಕೋಣೇಲಿ ಅತ್ತವಳು ನನ್ನ ಮೊಮ್ಮಗಳು, ಥಿಯಾ. ನಿಜವಾಗ್ಲೂ ಯಾವನಾದ್ರೂ ಬಂದ್ರೆ ಆ ಅಳು ಕೇಳಿಸ್ಕೊಂಡೇ ಬರ್ತಾನೆ."

ಆ ಭಯ ಥಿಯಾಳದೂ ಆಗಿತ್ತು. ಮನಸ್ಸಿನಲ್ಲೇ ಪ್ರಾರ್ಥಿಸಲು ನೋಡಿದಳು; ಮಾತುಗಳು ಕೂಡಿಬರಲಿಲ್ಲ.

"ಕತ್ತಲಲ್ಲಿ ಸುಮ್ನಿರಿಸೋಕೆ ಬೇರೆ ಏನಾದ್ರೂ ಹುಡುಕ್ತೀನಿ."

"ಏನು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಹೇಗಮ್ಮಾ? ಬುಧವಾರ ಬಂದೇಬಿಡ್ತು. ನಿನ್ನ ಕೈ ಹಿಡ್ಕೊಂಡು ಕೇಳ್ತೀನಿ, ಒಂದೇ ಒಂದು ಸಲ."

ಗ್ರೆಚೆನ್ ನಿಜಕ್ಕೂ ಕೈ ಹಿಡಿದುಕೊಂಡಿದ್ದರು. ಥಿಯಾ ಅದನ್ನು ಬಿಡಿಸಿಕೊಳ್ಳಲಿಲ್ಲ.

"ಇಲ್ಲ ಗ್ರೆಚೆನ್," ಎಂದಳು. "ಹೇಳ್ಕೊಡಲ್ಲ. ನಮ್ಮ ಕೋಣೇಲೂ ಇನ್ನೊಂದು ಸಲ ಕತ್ತಲಲ್ಲಿ ಅದನ್ನ ಆಡಿಸಲ್ಲ."