ಬಳುಕಿಲ್ಲದ ನಾಲ್ಕು ಸ್ವರ

ನನ್ನ ಗಂಡ ಹ್ಯೂಬರ್ಟ್ ಮಂಗಳೂರಿನ ಬ್ಯಾಂಡಿನಲ್ಲಿ ಮೂವತ್ತು ವರ್ಷ ಟ್ರಂಪೆಟ್ ಊದಿದವರು. ಅವರದೊಂದು ಕಟ್ಟುಪಾಡಿತ್ತು. ಮದುವೆಯಲ್ಲಿ ಪ್ರತಿ ಸ್ವರಕ್ಕೂ ಒಂದು ಬಳುಕು ಕೊಡಬೇಕು. ನೇರ ಸ್ವರ ಶವದ ಮೆರವಣಿಗೆಗೆ ಮಾತ್ರ. ಮನೆಯೊಳಗೆ ನೇರ ಊದಿದರೆ ಯಾರನ್ನೋ ಸಾವಿಗೆ ಕರೆದಂತೆ. ಮಗ ರೇಮಂಡನಿಗೆ ಟ್ರಂಪೆಟ್ ಕಲಿಸಿದಾಗ ಇದನ್ನೂ ಕಲಿಸಿದರು.

ರೇಮಂಡ್ ಈಗ ಕೊಲ್ಲಿ ದೇಶದಲ್ಲಿ, ರುವೈಸಿನ ರಿಫೈನರಿಯಲ್ಲಿ ಟೆಕ್ನಿಷಿಯನ್. ವಾರಾಂತ್ಯಕ್ಕೆ ಅಲ್ ರೀಮ್ ಐಲ್ಯಾಂಡಿನ ಫ್ಲಾಟಿಗೆ ಬಂದು ಹವ್ಯಾಸಿಗಳ ಆರ್ಕೆಸ್ಟ್ರಾದಲ್ಲಿ ಊದುತ್ತಾನೆ. ಈ ಸಲ ಅವರು ಹಿಡಿದದ್ದು ಎಂಬತ್ತು ವರ್ಷದ ಹಿಂದೆ ಅಮೆರಿಕದವನೊಬ್ಬ ಬರೆದ ಸಿಂಫನಿ. ರುವೈಸಿನ ದಾರಿಯಲ್ಲಿ ಕಾರಿನಲ್ಲಿ ಅದನ್ನು ಕೇಳಿದ್ದೇನೆ. ಮೊದಲು ಚೆಲ್ಲೋಗಳು ತಗ್ಗಿನಲ್ಲಿ, ಅವಸರವಿಲ್ಲದೆ. ಸ್ವರಕ್ಕೂ ಸ್ವರಕ್ಕೂ ನಡುವೆ ಬಹಳ ಜಾಗ. ಹೊರಗೂ ಹಾಗೆಯೇ ಇತ್ತು: ಮರಳು, ಒಂದು ಕಂಬ, ಮತ್ತೆ ಮರಳು. ನಡುವೆ ಎಲ್ಲರೂ ಸುಮ್ಮನಾಗಿ ಒಂದೇ ಟ್ರಂಪೆಟ್, ನಾಲ್ಕು ಉದ್ದ ಸ್ವರ. ಆಮೇಲೆ ಹಿತ್ತಾಳೆ ವಾದ್ಯಗಳೆಲ್ಲ ಇಗರ್ಜಿಯ ಕೀರ್ತನೆಯಂತೆ ಏರುತ್ತವೆ. ಕೊನೆಗೆ ನಗಾರಿಯ ಪೆಟ್ಟು.

ಆ ನಾಲ್ಕು ಸ್ವರ ರೇಮಂಡನ ಪಾಲಿಗೆ ಬಂದಿದ್ದವು. ತಾಲೀಮಿನಲ್ಲಿ ಅವನು ಬಳುಕಿಸಿ ಊದಿದ. ಕಂಡಕ್ಟರ್ ಮೂರು ಸಲ ತಿದ್ದಿದರು. ಮುಂದಿನ ಶನಿವಾರವೂ ಹೀಗಾದರೆ ಲಿಯೊನೆಲ್‌ಗೆ ಕೊಡುತ್ತೇನೆ ಎಂದರು. ಲಿಯೊನೆಲ್ ಅವನ ಪಕ್ಕದ ಕುರ್ಚಿಯವ.

“ಬೋಳಾಗಿ ಊದಬೇಕಂತೆ ಮಾಂಯ್,” ಎಂದ ನನ್ನ ಹತ್ತಿರ. “ತುಟಿ ತನ್ನಷ್ಟಕ್ಕೆ ಬಳುಕ್ತದೆ.”

“ತುಟಿ ಅಲ್ಲ, ಹೆದರಿಕೆ,” ಎಂದಳು ಸೊಸೆ ಫ್ಲೇವಿ. ಅವಳಿಗೆ ಏಳು ತಿಂಗಳು. “ಪಾರ್ಕಿಂಗಲ್ಲಿ ಕಾರಿನ ಗ್ಲಾಸ್ ಏರಿಸಿ ಪ್ರಾಕ್ಟೀಸ್ ಮಾಡ್ತಾರೆ. ಸೆಕ್ಯುರಿಟಿಯವ ನನಗೆ ಫೋನ್ ಮಾಡಿದ್ದ, ಮೇಡಂ, ಸಾರ್ ಅಳ್ತಿದ್ದಾರಾ ಅಂತ.”

“ಈಗ ಈ ಮನೆಯಲ್ಲಿ ಅದು ಬೇಡ ಮಾರಾಯ್ತಿ,” ಎಂದ ರೇಮಂಡ್, ಅವಳ ಹೊಟ್ಟೆ ನೋಡುತ್ತಾ.

“ಹಾಗಾದ್ರೆ ಲಿಯೊನೆಲ್‌ಗೆ ಕೊಟ್ಟುಬಿಡಿ. ಖಲಾಸ್.”

ಅವನು ಊಟದ ತಟ್ಟೆ ಬಿಟ್ಟು ಎದ್ದುಬಿಟ್ಟ. ಮೊದಲ ಕುರ್ಚಿಗಾಗಿ ಆರು ವರ್ಷ ಎರಡನೆಯ ಕುರ್ಚಿಯಲ್ಲಿ ಕೂತಿದ್ದವನು.

ಮರುದಿನ ನಾನು ಫ್ಲೇವಿಯನ್ನು ಕೆಳಗಿನ ಅಂಗಡಿಗೆ ಕೊತ್ತಂಬರಿ ತರಲು ಕಳಿಸಿದೆ. ಕುರ್ಚಿ ಎಳೆದು ಅವನೆದುರು ಕೂತೆ.

“ಊದು. ನನಗೆ ಎಪ್ಪತ್ತೆಂಟು. ಕರೆದರೆ ಹತ್ತಿರ ಇದ್ದವಳನ್ನೇ ಕರೆಯಲಿ.”

“ಮಾಂಯ್, ತಮಾಷೆ ಬೇಡ.”

“ತಮಾಷೆ ಎಂತದು? ನನ್ನ ವಿಸಿಟ್ ವೀಸಾ ಹೇಗೂ ಹದಿನೆಂಟಕ್ಕೆ ಮುಗೀತದೆ.”

ಮೊದಲ ಎರಡು ಸಲ ಬಳುಕಿತು. ಮೂರನೆಯ ಸಲ ನಾಲ್ಕೂ ಸ್ವರ ಗೂಟ ಹೊಡೆದಂತೆ ನಿಂತವು. ನಾನು ಕಾದೆ. ಕುಕ್ಕರ್ ಸೀಟಿ ಹಾಕಿತು. ಫ್ಲೇವಿ ಕೊತ್ತಂಬರಿಯ ಬದಲು ಪುದೀನ ಹಿಡಿದುಕೊಂಡು ಬಂದಳು. ಇನ್ನೇನೂ ಆಗಲಿಲ್ಲ. ಅವನು ಮತ್ತೆ ಊದಿದ, ಪಕ್ಕದ ಫ್ಲಾಟಿನವರು ಗೋಡೆ ಬಡಿಯುವವರೆಗೂ.

ಶನಿವಾರದ ನಂತರ ಸ್ವರಗಳು ಅವನಲ್ಲೇ ಉಳಿದವು. ಸಂಗೀತ ಕಛೇರಿಯ ದಿನ ನಾನೂ ಫ್ಲೇವಿಯೂ ಮೂರನೆಯ ಸಾಲಿನಲ್ಲಿದ್ದೆವು. ಚೆಲ್ಲೋಗಳು ನಿಂತವು. ಅವನು ಊದಿದ, ಒಂದೂ ಅಲುಗಲಿಲ್ಲ. ಫ್ಲೇವಿ ನನ್ನ ಮಣಿಕಟ್ಟು ಹಿಡಿದವಳು ನಗಾರಿ ಮುಗಿಯುವವರೆಗೂ ಬಿಡಲಿಲ್ಲ.

“ಮಾಂಯ್, ಇದ್ದೀರಾ?” ಎಂದಳು ಮೆಲ್ಲಗೆ.

“ಇದ್ದೇನೆ,” ಎಂದೆ. “ಕೈ ಬಿಡು, ಚಪ್ಪಾಳೆ ತಟ್ಟಬೇಕು.”