ಆಕಾಶದಿಂದ ಬೀಳದ ಮೀನು

ಮ್ವಾಜುಮಳ ಗಾಜಿನ ತೊಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಅರಮನೆ ಇರಲಿಲ್ಲ, ಬಣ್ಣದ ಹರಳೂ ಇರಲಿಲ್ಲ. ಇದ್ದದ್ದು ಕಿಬಿಟಿ ಊರಿನ ರಸ್ತೆಬದಿಯ ಗುಂಡಿಯದೇ ಪಡಿಯಚ್ಚು, ಅಷ್ಟೇ. ತಳಕ್ಕೆ ಅಲ್ಲಿಯದೇ ಕಪ್ಪು ಜೇಡಿಮಣ್ಣು, ಮೂಲೆಗೆ ಒಡೆದ ಗಡಿಗೆಯ ಕಂಠ, ನೀರು ಚಹಾದ ಬಣ್ಣಕ್ಕೆ ತಿರುಗಲೆಂದು ಬಾದಾಮಿ ಮರದ ನಾಲ್ಕು ಒಣ ಎಲೆ. ಅದರೊಳಗೆ ನೀಲಿ ಮೈ, ಕೆಂಪು ಬಾಲದ ಒಂದು ಗಂಡು ಮೀನು ಮದುವೆ ಗಂಡಿನಂತೆ ಮೆರೆಯುತ್ತಿತ್ತು. ಮೂರು ಹೆಣ್ಣುಗಳು ಬೂದಿ ಬಣ್ಣದವು. ಗಂಡಿನ ಕಾಟ ಹೆಚ್ಚಾದಾಗ ನುಗ್ಗಿ ಕೂರಲು ಅವಕ್ಕೆ ಆ ಗಡಿಗೆಯ ಕಂಠ. ಎರಡು ಸಲ ಮದುವೆಯಾದ ಮ್ವಾಜುಮಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಅವಳು ಕುಂಬಾರಗಿತ್ತಿ. ಮೂವತ್ತು ವರ್ಷದಿಂದ ಅದೇ ಗುಂಡಿಯ ಮಣ್ಣು. ಹೋದ ವರ್ಷ ಬೇಸಿಗೆಯಲ್ಲಿ ಒಣ ಹೆಂಟೆ ನೆನೆಹಾಕಿ, ಮರುದಿನ ಮುಚ್ಚಳ ತೆಗೆದರೆ ಮೀನಿನ ಮರಿಗಳು; ತೊಟ್ಟಿಯಲ್ಲಿ ಬೆಳೆದದ್ದು ಅವೇ. ಅಂದಿನಿಂದ ಆ ಗುಂಡಿ ಅವಳ ಕಣ್ಣಿಗೆ ಬಸಿರಿಯಾಗಿ ಕಂಡಿತ್ತು.

ಈಗ ಅದನ್ನು ಮುಚ್ಚಿ ಬಸ್ ನಿಲ್ದಾಣ ಮಾಡುವುದೆಂದು ತೀರ್ಮಾನವಾಗಿತ್ತು. ಕೆಮ್ಮಣ್ಣಿನ ಲಾರಿ ಬಂದು ನಿಂತೂ ಆಗಿತ್ತು. ಮ್ವಾಜುಮ ತೊಟ್ಟಿಯನ್ನು ಹೊತ್ತು ತಂದು ವಾರ್ಡ್ ಅಧ್ಯಕ್ಷ ಕಿಲಿಂದೊನ ಮೇಜಿನ ಮೇಲೆ, ಅವನ ಚಹಾದ ಲೋಟ ಸರಿಸಿ, ಇಟ್ಟಳು.

"ಇದೇನಕ್ಕಾ, ಮಳೆಮೀನು?" ಎಂದ ಕಿಲಿಂದೊ. "ಚೆನ್ನಾಗಿದೆ. ಆದ್ರೆ ಮಳೆ ಜೊತೆ ಮೇಲಿಂದ ಬೀಳೋ ಮೀನಿಗೆ ಗುಂಡಿ ಯಾವುದಾದ್ರೇನು? ಇದನ್ನ ಮುಚ್ಚಿದ್ರೆ ಇನ್ನೊಂದ್ರಲ್ಲಿ ಬೀಳುತ್ತೆ."

ಬಾಗಿಲಲ್ಲಿ ನಿಂತವರೆಲ್ಲ ತಲೆಯಾಡಿಸಿದರು. ಊರಲ್ಲಿ ಅಜ್ಜಿಯರಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ನಂಬಿದ್ದು ಅದನ್ನೇ. ಮ್ವಾಜುಮಳೂ ಹೋದ ವರ್ಷದವರೆಗೆ ನಂಬಿದ್ದಳು. ಅದಕ್ಕೇ ಅವಳಿಗೆ ಸಿಟ್ಟು ಇನ್ನೂ ಹೆಚ್ಚು.

"ಅವು ಬೀಳಲ್ಲ, ಏಳ್ತವೆ," ಎಂದಳು. "ಮೊಟ್ಟೆ ಆ ಮಣ್ಣಲ್ಲೇ ಇದೆ. ಬನ್ನಿ, ನೀವೇ ಅಗೆದು ತನ್ನಿ. ನಿಮ್ಮದೇ ನೀರು ಹಾಕಿ, ನಿಮ್ಮದೇ ಸೂರಿನ ಕೆಳಗಿಟ್ಟು ಬೀಗ ಜಡೀರಿ. ನಾಳೆ ಮರಿ ಕಂಡ್ರೆ ಗುಂಡಿ ಮುಚ್ಚೋ ಹಾಗಿಲ್ಲ."

"ಏನೂ ಇಲ್ದಿದ್ರೆ?"

"ಲಾರಿಯಿಂದ ಮೊದಲ ಬುಟ್ಟಿ ಮಣ್ಣು ನಾನೇ ಹೊತ್ತು ಹಾಕ್ತೀನಿ."

ಊರೇ ಗುಂಡಿಯ ಹತ್ತಿರ ಹೋಯಿತು. ಒಣಗಿ ಬಾಯಿಬಿಟ್ಟ ನೆಲ. ನೀರು ಕೊನೆಗೆ ಇಂಗುವುದು ನಡುವಿನಲ್ಲಿ, ಮೊಟ್ಟೆ ಹೆಚ್ಚಿರುವುದೂ ಅಲ್ಲೇ. ಅವಳು ಅತ್ತ ಕೈ ತೋರಿಸಿದ್ದೇ ತಡ, ಕಿಲಿಂದೊ ನಕ್ಕು, "ನೀವು ತೋರಿಸಿದ್ದು ಬೇಡ," ಎಂದು ಅಂಚಿನ ಹೆಂಟೆಯೊಂದನ್ನು ಕಿತ್ತ. ಅಂಚಿನಲ್ಲಿ ಮೊಟ್ಟೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆದರೂ ಮ್ವಾಜುಮ ಬೇಡವೆನ್ನಲಿಲ್ಲ. ಆಡಿದ ಮಾತನ್ನು ನುಂಗುವ ಜಾತಿ ಅವಳದಲ್ಲ.

ಕಚೇರಿಯಲ್ಲಿ ಹೆಂಟೆಯನ್ನು ಖಾಲಿ ಗಾಜಿನ ಜಾಡಿಗೆ ಹಾಕಿ, ಅಧ್ಯಕ್ಷರು ಕುಡಿಯುವ ನೀರನ್ನೇ ಸುರಿದರು. ಆ ನೀರಿನ ಗಡಿಗೆಯೂ ಅವಳೇ ಮಾಡಿದ್ದು. ಬೀಗ ಬಿತ್ತು, ಕೀಲಿ ಕಿಲಿಂದೊನ ಕಿಸೆ ಸೇರಿತು.

ಬೆಳಿಗ್ಗೆ ಬಾಗಿಲು ತೆರೆದಾಗ ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಜಾಡಿಯ ನೀರು ಬಗ್ಗಡ. ಕಿಲಿಂದೊ ಬಗ್ಗಿ ನೋಡಿ, "ಕೆಸರು," ಎಂದ. ಕಚೇರಿಯ ಎದುರು ನಿಂತಿದ್ದ ಲಾರಿಯ ಚಾಲಕ ಎಂಜಿನ್ ಶುರು ಮಾಡಿದ. ಮ್ವಾಜುಮ ಜಾಡಿಯನ್ನು ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ರೆಪ್ಪೆಗೂದಲಿನಷ್ಟು ಸಣ್ಣದೊಂದು ಅಲುಗಿತು. ಅದಕ್ಕೆ ಎರಡು ಕಣ್ಣಿದ್ದವು. ಅದರ ಹಿಂದೆ ಇನ್ನೊಂದು. ಎಣಿಸಿದರೆ ಏಳು.

ಕಿಲಿಂದೊ ಜಾಡಿ ನೋಡಿದ, ಬೀಗ ನೋಡಿದ, ಕೊನೆಗೆ ಕತ್ತೆತ್ತಿ ತಗಡಿನ ಸೂರು ನೋಡಿದ.

"ಸೂರಲ್ಲಿ ಎಲ್ಲೋ ತೂತಿರಬೇಕು," ಎಂದ.

"ಹಾಗಾದ್ರೆ ಮೊದಲು ಅದನ್ನ ಮುಚ್ಚಿಸಿ, ಅಧ್ಯಕ್ಷರೇ," ಎಂದಳು ಮ್ವಾಜುಮ. "ಗುಂಡಿ ಎಲ್ಲೂ ಓಡಿಹೋಗಲ್ಲ."

ಮೊದಲು ನಕ್ಕವನು ಲಾರಿಯ ಚಾಲಕ. ಅವನೇ ಎಂಜಿನ್ ಆರಿಸಿ ಕೆಳಗಿಳಿದು, ಮೀನು ನೋಡಲು ಒಳಗೆ ಬಂದ.