ಬೇಲಿಯ ಪಾವತಿ

ಓದುವ ಮೊದಲು ಜಿನಮತಿ ಕಾಗದವನ್ನು ಮಡಚಿದಳು, ಮತ್ತೆ ಬಿಚ್ಚಿದಳು. ಮಿರಜಿನ ಜಹಗೀರು ಕಚೇರಿಯ ಅಂಗಳದಲ್ಲಿ, ಬೇವಿನ ನೆರಳಿಗೆ, ಹರಣಶಿಕಾರಿಗಳು ಹೆಂಗಸರು ಗಂಡಸರೆನ್ನದೆ ಕುಕ್ಕರಿಸಿ ಕೂತಿದ್ದರು. ಪಡಸಾಲೆಯ ಗಾದಿಯ ಮೇಲೆ ಜಹಗೀರಿನ ಕಾರಭಾರಿ ತಾತ್ಯಾಸಾಹೇಬರು. ಪಕ್ಕದ ಕುರ್ಚಿಯಲ್ಲಿ ಅವಳ ತಂದೆ ಭೂಪಾಲರು. ಸಾಂಗ್ಲಿಯ ಅರಿಷಿಣದ ವ್ಯಾಪಾರಿ, ಪ್ರಜಾ ಪರಿಷತ್ತಿನ ಮುಂದಾಳು. ಬಾಗಿಲಲ್ಲಿ ನಿಂತ ಸಿಪಾಯಿ ಕೂಡ ಅವಳ ಬಾಯನ್ನೇ ನೋಡುತ್ತಿದ್ದ. ಮಂದಿ ಸೇರಿದ ಕಡೆ ಯಾರ ಹುಬ್ಬು ಯಾವಾಗ ಗಂಟಿಕ್ಕುತ್ತದೆ ಎಂದು ಕಾಯುವುದು ಅವಳಿಗೆ ಚಿಕ್ಕಂದಿನ ರೂಢಿ. ಬಿ.ಎ. ಪಾಸಾದ ಮೇಲೆ ಅದು ಹೆಚ್ಚಿತ್ತೇ ಹೊರತು ಕಡಿಮೆಯಾಗಿರಲಿಲ್ಲ. ಈಗ ಮುಖಗಳ ಜೊತೆಗೆ ಶಬ್ದಗಳನ್ನೂ ಕಾಯಬೇಕಾಗಿತ್ತು.

ಜಹಗೀರು ಅಂದರೆ ದೊಡ್ಡದೇನಲ್ಲ. ಹೆಸರು ಹೇಳಿದರೆ ಕೃಷ್ಣೆಯ ಆಚೆ ದಂಡೆಯವರಿಗೆ ಗುರುತು ಹತ್ತದಷ್ಟು ಸಣ್ಣದು. ಲಿಂಗನೂರಿನ ಕಡೆ ಅದಕ್ಕೊಂದು ಹುಲ್ಲುಗಾವಲು ಇತ್ತು. ಬಾರಿಗಿಡಗಳು, ನಡುವೆ ಒಂದು ಹಳ್ಳ, ನಾಲ್ಕಾರು ದಿಬ್ಬ. ಬಾರಿಕುರಣ ಎಂದು ಅದರ ಹೆಸರು. ಹರಣಶಿಕಾರಿಗಳು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರು. ಉರುಲು ಹಾಕಿ ಕೌಜುಗ ಹಿಡಿಯುತ್ತಿದ್ದರು, ಆಡು ಮೇಯಿಸುತ್ತಿದ್ದರು, ಯಾವ ದಿಬ್ಬ ಯಾವ ಮನೆತನದ್ದು ಎಂದು ತಮ್ಮ ಪಂಚರ ಮುಂದೆ ಹಂಚಿಕೊಂಡಿದ್ದರು. ಸರಕಾರ ಮಾತ್ರ ಅವರನ್ನು ಕಳ್ಳರ ಜಾತಿ ಎಂದು ಬರೆದುಕೊಂಡಿತ್ತು. ವಾರ ವಾರ ಚಾವಡಿಗೆ ಹೋಗಿ ಹಾಜರಿ ಕೊಟ್ಟು ಬರಬೇಕು. ಮಹಾಯುದ್ಧ ಮುಗಿದ ಮೇಲೆ ಲಷ್ಕರದ ಮುಳ್ಳುತಂತಿ ಅಗ್ಗಕ್ಕೆ ಹರಾಜಾಯಿತು. ಜಹಗೀರಿನವರು ಅದನ್ನು ತಂದು ಕುರಣದ ಸುತ್ತ ಬಿಗಿದರು, ಹುಲ್ಲನ್ನು ಮಿರಜಿನ ಗೌಳಿಗರಿಗೆ ಲಿಲಾವು ಮಾಡಿದರು. ಹರಣಶಿಕಾರಿಗಳ ಬಿಡಾರ ರಸ್ತೆಯ ಬದಿಗೆ ಬಂದು ಬಿತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂದರೂ ಸಂಸ್ಥಾನಗಳು ಇನ್ನೂ ಇದ್ದಲ್ಲೇ ಇದ್ದ ಕಾಲ ಅದು. ಭೂಪಾಲರು ತಿರುಗಾಡಿ, ಮಾತಾಡಿ, ಕಾರಭಾರಿಯನ್ನು ಹೇಗೋ ಒಪ್ಪಿಸಿ, ಕುರಣವನ್ನು ಬಿಡಾರದವರಿಗೆ ಬಿಡಿಸುವ ಕರಾರು ಬರೆಸಿದ್ದರು. ಕರಾರು ಕಚೇರಿಯ ಮರಾಠಿಯಲ್ಲಿತ್ತು. ಅದನ್ನು ಕನ್ನಡದಲ್ಲಿ ತಿಳಿಸಿ ಹೆಬ್ಬೆಟ್ಟು ಒತ್ತಿಸುವ ಕೆಲಸ ಮಗಳದು.

“ಎಲ್ಲಾ ಓದಕೋತ ಕುಂದರಬ್ಯಾಡವ್ವ ಜಿನಾ,” ತಂದೆ ಮೆಲ್ಲಗೆ ಅಂದರು. “ಜಮೀನ ಸಿಕ್ತು ಅಂತ ಹೇಳು, ಸಾಕು. ಬಿಸಿಲ ಏರಾಕತ್ತೈತಿ.”

ಅಷ್ಟು ಹೇಳಿದ್ದರೆ ದೀಪಾವಳಿಯ ಒಳಗೆ ಬೇಲಿ ಹೋಗುತ್ತಿತ್ತು. ಜಿನಮತಿಗೆ ಅದು ಗೊತ್ತಿತ್ತು. ಕಾಗದದ ಯಾವ ಸಾಲು ಯಾರಿಗೆ ಚುಚ್ಚುತ್ತದೆ ಎಂಬುದೂ ಗೊತ್ತಿತ್ತು.

“ಹೆಬ್ಬೆಟ್ಟ ಒತ್ತೋರು ಅವರ ಅಲ್ಲೇನು ಅಪ್ಪಾ?” ಎಂದಳು. ಧ್ವನಿ ತಾನೆಣಿಸಿದ್ದಕ್ಕಿಂತ ಸಣ್ಣದಾಗಿತ್ತು. “ಎಲ್ಲಾ ಕೇಳ್ಲಿ.”

ಓದಿದಳು. ಈ ಅಪರಾಧಿ ಜಾತಿಯ ಮೇಲೆ ಕನಿಕರಪಟ್ಟು ಜಹಗೀರದಾರರು ಬಾರಿಕುರಣವನ್ನು ದಯೆಯಿಂದ ಕೊಡುತ್ತಾರೆ. ಅವರು ಇನ್ನು ಮೇಲೆ ಉರುಲು ಹಾಕಕೂಡದು, ಯಾವ ಜೀವವನ್ನೂ ಕೊಲ್ಲಕೂಡದು. ಅವರ ಒಳ್ಳೆಯ ನಡತೆಗೆ ಸಾವುಕಾರ ಭೂಪಾಲರು ಜಾಮೀನು. ಜಾಮೀನು ಹಿಂತೆಗೆದುಕೊಂಡ ದಿನ ಜಮೀನೂ ತಿರುಗಿ ಜಹಗೀರಿಗೆ ಸೇರತಕ್ಕದ್ದು.

ಆಮೇಲೆ ಮಾಯವ್ವ ತಲೆ ಎತ್ತಿದಳು. ಬಿಡಾರಕ್ಕೆಲ್ಲ ಹಿರಿಯಳು, ಗಂಡ ಸತ್ತ ಮೇಲೆ ಅವನ ಮಾತೂ ತನ್ನ ಮಾತೂ ಎರಡೂ ಅವಳವೇ ಆಗಿದ್ದವು.

“ಅಕ್ಕಾರ, ಯಾರ್ದು ಯಾರಿಗೆ ಕೊಡ್ತಾರಂತ?”

“ಜಹಗೀರದಾರರು ನಿಮಗ.”

“ಅವರಿಗೆ ಯಾರು ಕೊಟ್ಟಿದ್ರು? ಅದನ್ನೂ ಬರದಾರೇನು?”

ಜಿನಮತಿ ಇಲ್ಲದ್ದನ್ನು ಹುಡುಕುವವಳಂತೆ ಕಾಗದ ನೋಡಿದಳು. “ಇಲ್ಲ.”

ಮಾಯವ್ವನ ಮೈದುನ ಧೋಂಡಪ್ಪ ನಕ್ಕ. “ಉರ್ಲ ಬಿಡಬೇಕಂತಲ್ಲ ವೈನಿ. ಹಂಗಾರ ಪರ್ಯೂಷಣದಾಗ ಸಾವ್ಕಾರ್ರು ಬಿಡಾಕ ಹಕ್ಕಿ ಎಲ್ಲಿಂದ ತರ್ತಾರ?”

ಅಂಗಳದಲ್ಲಿ ನಗೆ ಎದ್ದಿತು. ಭೂಪಾಲರ ಕಿವಿ ಕೆಂಪಾದವು. ಮಾತು ಸುಳ್ಳಲ್ಲ. ಜೈನರ ಆ ಪವಿತ್ರ ದಿನಗಳಲ್ಲಿ ಅವರು ಪ್ರತಿ ವರ್ಷ ಇದೇ ಜನರಿಂದ ಕೌಜುಗಗಳನ್ನು ಕೊಂಡು, ಊರ ಹೊರಗೆ ಒಯ್ದು, ಕೈಮುಗಿದು ಹಾರಿಬಿಡುತ್ತಿದ್ದರು.

“ನಾವು ಹಿಡದ್ರ ಪಾಪ, ಅವರು ಬಿಟ್ರ ಪುಣ್ಯ,” ಧೋಂಡಪ್ಪ ಮುಂದುವರಿಸಿದ. “ಇರ್ಲಿ. ಹಿಡಿಯವ್ರ ಇಲ್ಲಂದ್ರ ಬಿಡವ್ರ ಗತಿ ಏನ್ರಿ?”

“ಬಾಯಿ ಮುಚ್ಚೋ,” ಎಂದು ಮಾಯವ್ವ ಗದರಿದಳು. ಎದ್ದು ನಿಂತು ಭೂಪಾಲರ ಕಡೆ ತಿರುಗಿದಳು. “ಸಾವ್ಕಾರ್ರ, ನೀವು ನಮ್ಮ ಸಲವಾಗಿ ಓಡ್ಯಾಡೀರಿ. ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ನಾವು ಹಕ್ಕಿ ಅಲ್ರಿ, ಹಿಡದು ಬಿಡಾಕ. ನಮ್ಮ ಮನೀನ ನಮಗ ನೀಡಿದ್ರ ನಾ ಸೆರಗ ಒಡ್ಡಾಂಗಿಲ್ಲ.”

“ಕಾಯ ಮ್ಹಣತೇ ತೀ?” ತಾತ್ಯಾಸಾಹೇಬರು ಅವಳೇನನ್ನುತ್ತಾಳೆಂದು ಕೇಳಿದರು. ಜಿನಮತಿ ಹೇಳಿದಳು, ಏನನ್ನೂ ಮೆತ್ತಗೆ ಮಾಡದೆ. ಕಾರಭಾರಿ ಕರಾರನ್ನು ಎಳೆದುಕೊಂಡು ಗಾದಿಯ ಕೆಳಗೆ ತುರುಕಿದರು. ಹಾಗಿದ್ದರೆ ರಸ್ತೆಯಲ್ಲೇ ಕೊಳೆಯಲಿ ಅಂದರು.

ಸಾಂಗ್ಲಿಗೆ ಮರಳುವ ಟಾಂಗಾದಲ್ಲಿ ತಂದೆ ಮಗಳು ಎದುರುಬದುರು ಕೂತಿದ್ದರು.

“ಎಲ್ಲಾ ಮಣ್ಣಪಾಲಾತು,” ಎಂದರು ಭೂಪಾಲರು. “ಒಂದೀಟು ಸಂಭಾಳಿಸಿ ಹೇಳಿದ್ರ ಏನ ಹೋಗ್ತಿತ್ತು ನಿಂದು?”

“ಅವರಿಗೆ ಗೊತ್ತಿಲ್ಲದ ಮಾತಿಗೆ ಅವರ ಹೆಬ್ಬೆಟ್ಟ ಬೀಳ್ತಿತ್ತು.”

“ಜಮೀನ ಉಳೀತಿತ್ತು!”

ಜಿನಮತಿ ಬಹಳ ಹೊತ್ತು ಹೊರಗೆ ನೋಡಿದಳು. ಹೇಳಲೋ ಬೇಡವೋ ಎಂದು ಮಾತನ್ನು ನಾಲಗೆಯ ಮೇಲೆ ಹೊರಳಿಸಿ ಹೊರಳಿಸಿ ಕೊನೆಗೆ ಅಂದಳು: “ಹ್ವಾದ ವರ್ಷ ಪರಿಷತ್ತಿನ್ಯಾಗ ನಿಮ್ಮ ಭಾಷಣದ ಪ್ರತಿ ನಾನ ತಗದಿದ್ದೆ. ಜವಾಬ್ದಾರಿ ಸರಕಾರ ಅರಸರು ಕೊಡೋ ದಾನ ಅಲ್ಲ, ಪ್ರಜೆಗಳ ಹಕ್ಕು ಅಂದ್ರಿ. ದಾನಾ ಕೊಟ್ಟಾಂವ ಮನಸ್ಸ ಬಂದಾಗ ಕಸಗೊಳ್ತಾನ ಅಂದ್ರಿ. ಮಂದಿ ಎದ್ದ ನಿಂತು ಚಪ್ಪಾಳಿ ಹೊಡೀತು.”

“ಅದು ಬ್ಯಾರೆ.”

“ಹೆಂಗ ಬ್ಯಾರೆ ಅಪ್ಪಾ?”

ಭೂಪಾಲರು ಕುದುರೆ ಯಾಕೆ ಇಷ್ಟು ಮೆಲ್ಲಗೆ ಹೋಗುತ್ತಿದೆ ಎಂದು ಟಾಂಗಾದವನ ಮೇಲೆ ರೇಗಿದರು. ಮಾತು ಹೆಚ್ಚಾಯಿತೇನೋ ಎಂಬ ಅಂಜಿಕೆ ಜಿನಮತಿಯನ್ನು ಮನೆಯ ತನಕ ಬಿಡಲಿಲ್ಲ. ಆದರೆ ಮಾತನ್ನು ಅವಳು ವಾಪಸು ತೆಗೆದುಕೊಳ್ಳಲಿಲ್ಲ.

ಮುಂದಿನ ಸಂತೆಯ ದಿನ ಮಾಯವ್ವ ಸಾಂಗ್ಲಿಗೆ, ಭೂಪಾಲರ ಅಂಗಡಿಗೇ ಬಂದಳು. ಕಟ್ಟೆ ಹತ್ತಲಿಲ್ಲ. ಕೆಳಗೆ ನಿಂತೇ, “ಬೇಲಿ ತಿರುಗಿ ಕೊಡಾಕ ಹೊಂಟೇವ್ರಿ, ನಾಳಿ,” ಎಂದಳು.

“ಯಾರಿಗೆ?” ಜಿನಮತಿ ಕೇಳಿದಳು.

“ಯಾರ್ದೋ ಅವರಿಗೆ.”

ಸೊಂಟದಿಂದ ಒಂದು ಬಿದಿರಿನ ಕೊಳವೆ ತೆಗೆದು, ಮುಚ್ಚಳ ಬಿಚ್ಚಿ, ಅದರೊಳಗಿನ ಚೀಟಿಗಳನ್ನು ಜಿನಮತಿಯ ಅಂಗೈಗೆ ಸುರಿದಳು. ಜಿನಮತಿ ಒಂದೊಂದಾಗಿ ಓದಿದಳು: ಎತ್ತಿನ ಕೊರಳ ಗಂಟೆ ಮುಟ್ಟಿತು. ಬಾವಿಕಟ್ಟೆಯ ಮೇಲೆ ಬಿಟ್ಟ ಹಿತ್ತಾಳಿ ಕೊಡ ಮುಟ್ಟಿತು. ದಾರಿಯಲ್ಲಿ ಬಿದ್ದ ಹಗ್ಗ ಮುಟ್ಟಿತು. ಒಂದೊಂದರ ಕೆಳಗೂ ಯಾರೋ ಗೌಡನ, ಕುಲಕರ್ಣಿಯ ಸಹಿ. ಕೆಲವು ಮರಾಠಿಯ ಮೋಡಿ ಲಿಪಿಯಲ್ಲಿ, ಓದಲು ಬಾರದಷ್ಟು ಹಳೆಯವು.

“ಹಾದ್ಯಾಗ ಒಂದು ಕಣ್ಣಿ ಸಿಕ್ರೂ ನಾವು ಇಟಗೊಳ್ಳಾಂಗಿಲ್ರಿ ಅಕ್ಕಾರ. ಇಟಗೊಂಡ್ರ ಕಳ್ಳರು. ಸುಮ್ಮನ ಕೊಟ್ರೂ ಕಳ್ಳರು, ಕದ್ದು ಅಂಜಿ ತಿರುಗಿ ಕೊಟ್ಟಾರ ಅಂತಾರ. ಅದಕ್ಕ ಸಾಕ್ಷಿ ಕರಕೊಂಡು, ಮಾಲಕನ ಕೈಯಾಗ ಕೊಟ್ಟು, ಮಾಲ ಮುಟ್ಟಿತು ಅಂತ ಪಾವತಿ ಬರಸಗೊಂಡು ಬರತೇವಿ. ನಮ್ಮ ಅತ್ತಿ ಕಲಿಸಿದ್ದು. ಈಗ ಈ ಬೇಲಿ ನಮ್ಮದಲ್ಲ. ನಮ್ಮ ಜಾಗಾದಾಗ ಬಿದ್ದೈತಿ. ಮುಟ್ಟಿಸಿ ಬಿಡ್ತೇವಿ.”

“ಜೇಲಿಗೆ ಹಾಕ್ತಾರ ಮಾಯವ್ವಾ. ನಿಮ್ಮ ಮ್ಯಾಲ ಮೊದಲ ಹಾಜರಿ ಐತಿ. ಕಿತ್ತದ್ದ ಕಳವು ಅಂತಾರ.”

“ಕದ್ದ ಮಾಲ ಹಾಡಹಗಲ ಮಾಲಕನ ಬಾಗಲಕ್ಕ ಹೊತ್ತಹಾಕೋ ಕಳ್ಳನ್ನ ಎಲ್ಲ್ಯರ ನೋಡೀರೇನು? ಓದು ಬರಹ ಬಲ್ಲ ಸಾಕ್ಷಿ ಬೇಕ್ರಿ. ಬರ್ತೀರೇನು?”

ಒಳಗೆ ಭೂಪಾಲರು ಒಂದು ಅರಿಷಿಣದ ಕೊಂಬನ್ನು ಮುರಿದು ಬಣ್ಣ ನೋಡುತ್ತಿದ್ದರು. “ನಾ ಜಾಮೀನ ನಿಲ್ಲಾಂಗಿಲ್ಲ,” ಎಂದರು, ತಲೆ ಎತ್ತದೆ.

“ಜಾಮೀನ ಯಾರ ಕೇಳ್ಯಾರ್ರಿ ಸಾವ್ಕಾರ್ರ? ಸಾಕ್ಷಿ ಅಂದ್ನಿ.”

“ನಾ ಬರ್ತೇನಿ,” ಎಂದಳು ಜಿನಮತಿ. ಅಳೆದು ನೋಡದೆ ಅವಳ ಬಾಯಿಂದ ಮಾತು ಬಿದ್ದದ್ದು ಬಹಳ ಅಪರೂಪ.

ಮರುದಿನ ಮುಂಜಾನೆ ಲಿಂಗನೂರಿನಿಂದ ಮಿರಜಿಗೆ ಬರುವ ರಸ್ತೆಯ ನಟ್ಟನಡುವೆ ಬೇಲಿ ನಡೆದು ಬಂತು. ಹೆಂಗಸರ ತಲೆಯ ಮೇಲೆ ಜಾಲಿಯ ಗೂಟಗಳು. ಗಂಡಸರು ಕೈಗೆ ಅರಿವೆ ಸುತ್ತಿಕೊಂಡು, ಮುಳ್ಳುತಂತಿಯ ಸಿಂಬೆಗಳನ್ನು ಗಳುವಿಗೆ ಪೋಣಿಸಿ ಹೆಗಲು ಕೊಟ್ಟಿದ್ದರು. ಒಂದು ಮೊಳೆಯನ್ನೂ ಬಿಟ್ಟಿರಲಿಲ್ಲ. ಅವೆಲ್ಲ ಧೋಂಡಪ್ಪನ ಚೀಲದಲ್ಲಿ ಗಲಗಲ ಅನ್ನುತ್ತಿದ್ದವು.

“ಯಾರ ಬೇಲಿ ಹೊಡದ್ರ್ಯೋ ಹರಣಶಿಕಾರ್ಯಾರ?” ಹೊಲದಿಂದ ಒಬ್ಬ ಕೂಗಿದ.

“ತಿರುಗಿ ಕೊಡಾಕ ಹೊಂಟೇವೋ ಮಾವಾ! ನಿಂದೂ ಏನಾರ ನಮ್ಮ ಜಾಗಾದಾಗ ಐತೇನು ನೋಡಕೋ!” ಎಂದ ಧೋಂಡಪ್ಪ.

ಸ್ಟೇಶನ್ ಹತ್ತಿರ ಬರುವ ಹೊತ್ತಿಗೆ ಹಿಂದೆ ಜಾತ್ರೆಯಷ್ಟು ಜನ ಇತ್ತು. ಜಿನಮತಿ ನಡುವೆ ನಡೆಯುತ್ತಿದ್ದಳು. ಮೂಲೆ ಮೂಲೆಯಲ್ಲಿ ಪೊಲೀಸರ ಪಗಡಿ ಹುಡುಕುವುದನ್ನು ಅವಳ ಕಣ್ಣು ಬಿಡಲಿಲ್ಲ. ಕಾಲು ಮಾತ್ರ ನಿಲ್ಲಲಿಲ್ಲ. ಮುಂದಿನ ಹೆಂಗಸರನ್ನು ನೋಡಿದಳು. ತಲೆಯ ಮೇಲೆ ಗೂಟವಿದ್ದರೆ ಕುತ್ತಿಗೆ ಬಗ್ಗಿಸಲು ಬರುವುದಿಲ್ಲ. ಆ ನೆಟ್ಟನೆಯ ಬೆನ್ನುಗಳ ಸಾಲಿನಲ್ಲಿ ತಾನೂ ಇದ್ದೇನೆ ಎನ್ನಿಸಿತು.

ಕಚೇರಿಯ ಅಂಗಳದಲ್ಲಿ ಗೂಟಗಳನ್ನು ಒಂದರ ಮೇಲೊಂದು ಓರಣವಾಗಿ ಒಟ್ಟಿದರು. ತಾತ್ಯಾಸಾಹೇಬರು ಪಗಡಿ ಇಲ್ಲದೆಯೇ ಹೊರಗೆ ಬಂದರು.

“ಕಳವು! ಪೊಲೀಸರನ್ನ ಕರೀರಿ!”

ಜಿನಮತಿ ಮರಾಠಿಯಲ್ಲಿ, ಒಂದೊಂದೇ ಶಬ್ದ ಆರಿಸಿ ಇಟ್ಟಂತೆ ಹೇಳಿದಳು: “ಜಹಗೀರಿನ ಸಾಮಾನು ಇವರು ವಾಸವಿರುವ ಜಾಗದಲ್ಲಿ ಸಿಕ್ಕಿತು, ಸಾಹೇಬರೇ. ತಂದು ಮುಟ್ಟಿಸಿದ್ದಾರೆ. ಮೊಳೆ ಕೂಡ ಇದೆ, ನೋಡಿಕೊಳ್ಳಿ. ಪಾವತಿ ಕೊಡಬೇಕು.”

“ಒಳಗೆ ಹಾಕಿಸಿದರೆ?”

“ಆಗ ಫಿರ್ಯಾದು ಬರೆಯಬೇಕಾಗುತ್ತದೆ. ಕಳವಾದ ಮಾಲು ಕಳವಾಗದೆ ನಿಮ್ಮ ಅಂಗಳದಲ್ಲೇ ಇದೆ ಎಂದು.”

ಸ್ಟೇಶನ್ನಿನಿಂದ ಹಿಂಬಾಲಿಸಿ ಬಂದ ಟಾಂಗಾದವರು ಹೋ ಎಂದು ನಕ್ಕರು. ತಾತ್ಯಾಸಾಹೇಬರ ಕಣ್ಣು ಗುಂಪಿನ ಮೇಲೆ ಓಡಿ ಬಾಗಿಲಲ್ಲಿ ನಿಂತಿತು. ಜಿನಮತಿ ತಿರುಗಿ ನೋಡಿದಳು. ತಂದೆ. ಮುಂಜಾನೆಯ ಗಾಡಿಗೆ ಬಂದಿರಬೇಕು, ಟೊಪ್ಪಿಗೆಯ ಮೇಲೆ ಇಂಜಿನ್ನಿನ ಕರಿ ಕೂತಿತ್ತು.

“ಭೂಪಾಲರಾವ್! ನಿಮ್ಮ ಮಂದಿಗೆ ಬುದ್ಧಿ ಹೇಳ್ರಿ!”

ಭೂಪಾಲರು ನಿಧಾನವಾಗಿ ಒಳಗೆ ಬಂದರು. “ಇವರು ನನ್ನ ಮಂದಿ ಅಲ್ರಿ, ತಾತ್ಯಾಸಾಹೇಬ,” ಎಂದು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲೇ ಅಂದರು. “ತಮ್ಮ ಮಂದಿ ತಾವ ಅದಾರ. ಇವರಿಗೆ ಜಾಮೀನ ಬೇಕಾಗಿಲ್ಲ. ನಾ ಬರೇ ಸಾಕ್ಷಿ. ನಿಮ್ಮ ಸಹಿ ಆದ ಮ್ಯಾಲ ಕೆಳಗ ನಂದೂ ಹಾಕ್ತೇನಿ.”

ಸಂಸ್ಥಾನಗಳ ದಿನ ಮುಗಿಯುತ್ತ ಬಂದಿವೆ ಎಂಬ ಸುದ್ದಿ ಊರೆಲ್ಲ ಹರಡಿತ್ತು. ಕಾರಭಾರಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಇಷ್ಟು ಜನರ ಮುಂದೆ ಈ ಗೂಟಗಳನ್ನು ಮತ್ತೆ ಹೊರಿಸಿ ಕಳಿಸುವುದೂ ಅವರಿಂದ ಆಗದ ಮಾತು. ಗುಮಾಸ್ತನಿಗೆ ಕೈ ಸನ್ನೆ ಮಾಡಿದರು. ಅವನು ಬರೆದ: ಬೇಲಿ ಮುಟ್ಟಿತು.

“ಎಲ್ಲಿಂದ ಬಂತು ಅಂತನೂ ಬರೀಬೇಕ್ರಿ,” ಎಂದಳು ಮಾಯವ್ವ. “ಇಲ್ಲಾಂದ್ರ ಪಾವತಿ ಹೆಂಗಾದೀತು?”

ಜಿನಮತಿ ಅದನ್ನು ತಿಳಿಸಿದಳು. ಗುಮಾಸ್ತ ಲೇಖನಿ ಎತ್ತಿ ಹಿಡಿದು ಸಾಹೇಬರ ಮುಖ ನೋಡಿದ.

“ಬರೀ,” ಎಂದರು ತಾತ್ಯಾಸಾಹೇಬರು ಕೊನೆಗೆ. “ಹರಣಶಿಕಾರಿಗಳು ವಾಸವಿರುವ ಬಾರಿಕುರಣದಿಂದ.”

“ಮೊದಲಿನಿಂದ ವಾಸವಿರುವ,” ಎಂದಳು ಜಿನಮತಿ.

ಅವರು ಅವಳನ್ನು ದಿಟ್ಟಿಸಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಅಂಜಿಕೆ ಹೋಗಿತ್ತು ಎಂದಲ್ಲ. ಅಂಜಿಕೆಗೂ ಆ ಹೊತ್ತು ಅದೇ ಶಬ್ದ ಬೇಕಾಗಿತ್ತು.

“ಹೂಂ. ಬರೀ.”

ಸಹಿಗಳಾದವು. ಜಿನಮತಿ ಪಾವತಿಯನ್ನು ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಿದಳು. ಈ ಸಲ ಅವಳ ಧ್ವನಿ ಬೀದಿಯ ತನಕ ಮುಟ್ಟಿತು. ಚೀಟಿ ಮಾಯವ್ವನ ಕೈ ಸೇರಿತು. ಉಪಕಾರವಾಯಿತು ಎಂದು ಅವಳು ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೇನೂ ನಡೆದಿರಲಿಲ್ಲ. ಹಾಜರಿ ಇನ್ನೂ ಇತ್ತು, ನಾಳೆ ಇನ್ನೊಂದು ಹುಕುಂ ಬರಬಹುದಿತ್ತು. ಜಿನಮತಿ ಅದನ್ನು ಆಗಲೇ ಲೆಕ್ಕ ಹಾಕತೊಡಗಿದ್ದಳು.

“ಸಾವ್ಕಾರ್ರ, ಅಕ್ಕಾರ,” ಮಾಯವ್ವ ಹೊರಡುತ್ತ ನಿಂತಳು. “ಊಟದ ಹೊತ್ತಾತು. ನಮ್ಮ ಮನೀಗೆ ಬರ್ರಿ. ನಿಮಗ ನಡೀತೈತಿ ಅಂದ್ರ ರೊಟ್ಟಿ ಐತಿ, ಇಲ್ಲಾಂದ್ರ ಹಳ್ಳದ ನೀರ ಕುಡದು ಕುಂದ್ರಿ.”

ಭೂಪಾಲರು ಮಗಳ ಮುಖ ನೋಡಿ, ಮಾಯವ್ವನನ್ನು ಕೇಳಿದರು. “ಎಲ್ಲಿಂದ ಒಳಗ ಬರೂದವ್ವಾ? ನಾ ಬೇಲಿ ಇದ್ದಾಗ ನೋಡಿದ್ದು. ಬಾಗಲಾ ಯಾವ ಕಡೆ?”

“ಈಗ ಎಲ್ಲಿಂದ ಬಂದ್ರೂ ಬಾಗಲಾನ, ಬರ್ರಿ!” ಎಂದ ಧೋಂಡಪ್ಪ, ಬರಿದಾದ ಹೆಗಲು ತಿರುವಿಕೊಳ್ಳುತ್ತ.

ಭೂಪಾಲರು ಟಾಂಗಾ ಕರೆಯಲಿಲ್ಲ. ಧೋತರದ ಚುಂಗು ಎತ್ತಿ ಕಟ್ಟಿ, ಬಿಡಾರದವರ ಹಿಂದೆ ಲಿಂಗನೂರಿನ ಕಡೆ ನಡೆದರು. ಜಿನಮತಿ ಅವರ ಜೊತೆ ಹೆಜ್ಜೆ ಹಾಕಿದಳು.